ತಿರುವಿನಲ್ಲಿ ಇಲ್ಲದ ಕಲ್ಲುಗಳು

ಓಣಿಯ ಕೊನೆಯಲ್ಲಿ ನದಿಗೆ ಅಡ್ಡವಾಗಿ ಒಂದು ಹಳೆಯ ಕಿರುಗಟ್ಟೆ. ಅದರ ಮೇಲಿಂದ ನೀರು ಬೀಳುವ ಸದ್ದು ಹಗಲೆನ್ನದೆ ಇರುಳೆನ್ನದೆ ಓಣಿಯ ತುಂಬ ಇರುತ್ತಿತ್ತು. ಹೊಸದಾಗಿ ಬಾಡಿಗೆಗೆ ಬಂದವರಿಗೆ ಪಕ್ಕದ ಮನೆಯವರು ನಲ್ಲಿ ಮುಚ್ಚುವುದನ್ನು ಮರೆತಿದ್ದಾರೆ ಅನ್ನಿಸುತ್ತಿತ್ತು. ಕೆಲವು ದಿನ ಕಳೆದರೆ ಅವರ ಕಿವಿಯೂ ಅದನ್ನು ಕೇಳುವುದು ಬಿಟ್ಟುಬಿಡುತ್ತಿತ್ತು. ಬಿಡದ ಕಿವಿ ಒಂದೇ, ದರ್ಜಿಯ ಹೆಂಡತಿಯದು. ನೀರು ಕಡಿಮೆಯಿದ್ದಾಗ ಅದು ಅವಳಿಗೆ ಗಂಡನ ಅಂಗಡಿಯಲ್ಲಿ ಹೊಸ ಬಟ್ಟೆ ಹರಿದ ಹಾಗೆ ತೆಳ್ಳಗೆ ಕೇಳುತ್ತಿತ್ತು. ನೀರು ಏರಿದಂತೆ ದಪ್ಪಗಾಗುತ್ತಿತ್ತು. ಇನ್ನೂ ಏರಿ, ಕಟ್ಟೆಯ ಕೆಳಗಿನ ನೀರು ಮೇಲಿನ ನೀರಿನ ಮಟ್ಟಕ್ಕೇ ಬಂದುಬಿಟ್ಟರೆ ಬೀಳಲು ಜಾಗವೇ ಉಳಿಯದೆ ಸದ್ದು ನಿಂತುಹೋಗುತ್ತದೆ. ಅದನ್ನವಳು ಓಣಿಯವರಿಗೆಲ್ಲ ಹೇಳಿಟ್ಟಿದ್ದಳು.

"ನದಿ ಕೂಗಾಡ್ತಾ ಇರೋವರೆಗೂ ಹೆದರ್ಬೇಡಿ. ಬಾಯಿ ಮುಚ್ಚಿದ ದಿನ ಗಂಟುಮೂಟೆ ಕಟ್ಟಿ."

"ಹಾಗಾದ್ರೆ ನಿಮ್ಮತ್ತೆಗೂ ನದಿಗೂ ಒಂದೇ ಲೆಕ್ಕ ಅನ್ನು," ಎಂದು ಎದುರು ಮನೆಯ ಬೇಕರಿಯವನು ಕಣ್ಣು ಮಿಟುಕಿಸುತ್ತಿದ್ದ.

"ನಾನು ಬಾಯಿ ಮುಚ್ಚಿದ್ರೆ ನಿನ್ನ ಬ್ರೆಡ್ಡು ಹಳಸಿದೆ ಅಂತ ಹೇಳೋರೇ ಇರಲ್ಲ ಕಣೋ," ಎಂದು ಅತ್ತೆ ಕಿಟಕಿಯೊಳಗಿಂದಲೇ ಎಸೆಯುತ್ತಿದ್ದಳು.

ಓಣಿಯಲ್ಲಿ ದರ್ಜಿಯ ಹೆಂಡತಿಯನ್ನು ಕರೆಯುತ್ತಿದ್ದುದು ಗೋಂದಮ್ಮ ಎಂದು. ಅವಳ ಬೆರಳ ತುದಿಗಳಲ್ಲಿ ಸದಾ ಕಂದು ಬಣ್ಣದ ಪೊರೆಯೊಂದು ಅಂಟಿಕೊಂಡಿರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗದು, ಬಿಸಿನೀರಿಗೆ ಮಾತ್ರ ಬಗ್ಗುವುದು. ಲೋಟ ಮುಟ್ಟಿದರೆ ಲೋಟಕ್ಕೆ, ಬಾಗಿಲು ಮುಟ್ಟಿದರೆ ಬಾಗಿಲಿಗೆ ಅವಳ ಗುರುತು. ಮದುವೆಯ ಹೊಸತರಲ್ಲಿ ಅತ್ತೆ ಮೂಗು ಮುರಿದಿದ್ದಳು: "ಸೊಸೆ ಮನೆಗೆ ಹೊಂದ್ಕೋತಾಳೋ ಇಲ್ವೋ ಅಂತ ಚಿಂತೆ ಇತ್ತು. ಇವಳು ನೋಡಿದ್ರೆ ಗೋಡೆಗೇ ಅಂಟ್ಕೊಂಡಿದ್ದಾಳೆ." ಅದು ಬೈಗುಳವೋ ಮುದ್ದೋ ಎಂದು ಗೊತ್ತಾಗದೆ ಅವಳು ಬಹಳ ದಿನ ತಲೆ ಕೆಡಿಸಿಕೊಂಡಿದ್ದಳು. ಆಮೇಲೆ ಎರಡೂ ಹೌದೆಂದು ತಿಳಿಯಿತು.

ಆ ಗೋಂದು ಅವಳ ಕೆಲಸದ್ದು. ಸೇತುವೆ ದಾಟಿ ಆಚೆ ದಡಕ್ಕೆ ಹೋದರೆ ಕಾಗದದ ಕಾರ್ಖಾನೆಯ ಬೆನ್ನಿಗೆ ಒಂದು ತಗಡಿನ ಶೆಡ್ಡು. ಹೊರಗಿನಿಂದ ನೋಡಿದವರು ಹಳೇ ಬಸ್ಸು ನಿಲ್ಲಿಸುವ ಜಾಗವೆಂದುಕೊಂಡಾರು. ಒಳಗೆ ನಡೆಯುತ್ತಿದ್ದುದು ನೀರು ಮತ್ತು ಗಾಳಿ ಹೇಗೆ ಹರಿಯುತ್ತವೆಂದು ನೋಡುವ ಕೆಲಸ. ಒಂದು ಮೂಲೆಯಲ್ಲಿ ಗಾಳಿಯ ಸುರಂಗ. ಅದರಲ್ಲಿ ಪೆನ್ಸಿಲ್ಲಿನಷ್ಟುದ್ದದ ಹೊಗೆಗೊಳವೆ ನಿಲ್ಲಿಸಿ, ಊರಿನ ಗಾತ್ರವನ್ನು ಊಟದ ಮೇಜಿಗಿಳಿಸಿ, ಹೊಗೆ ಯಾರ ಮನೆಯ ಮೇಲೆ ಬಗ್ಗುತ್ತದೆಂದು ನೋಡುವರು. ಇನ್ನೊಂದು ಕಡೆ ಗಾಜಿನ ಗೋಡೆಯ ಉದ್ದನೆಯ ಕಾಲುವೆ. ಅದಕ್ಕೆ ನೇರಳೆ ಬಣ್ಣ ಬಿಟ್ಟು, ಕೊಳಚೆ ನೀರು ತಿಳಿನೀರಿನಲ್ಲಿ ಎಲ್ಲಿಯವರೆಗೆ ಬೇರೆಯಾಗಿ ಹರಿದು ಎಲ್ಲಿ ಕಲೆಯುತ್ತದೆಂದು ನೋಡುವರು. ನಡುವೆ, ಶೆಡ್ಡಿನ ಅರ್ಧ ನೆಲವನ್ನು ತುಂಬಿಕೊಂಡು, ಸಿಮೆಂಟಿನಲ್ಲಿ ಎರಕ ಹೊಯ್ದ ನದಿ. ಅವಳ ಓಣಿಯ ಪಕ್ಕ ಹರಿಯುವ ಅದೇ ನದಿ. ತಿರುವು, ಕಿರುಗಟ್ಟೆ, ಸೇತುವೆ, ಮನೆಗಳಿಗೆ ಮರದ ತುಂಡುಗಳು.

ಅವಳನ್ನು ಈ ಕೆಲಸಕ್ಕೆ ತಂದವರು ಶೆಡ್ಡಿನ ಮುಖ್ಯಸ್ಥೆ. ಎಲ್ಲರಿಗೂ ಅವರು ಮೇಡಂ, ಅವಳಿಗೆ ಮಾತ್ರ ಅಕ್ಕ. ಭೌತಶಾಸ್ತ್ರ ಓದಿ ಕೆಲಸವಿಲ್ಲದೆ ಕೂತಿದ್ದ ಹುಡುಗಿಯನ್ನು ಮೊದಲ ದಿನವೇ ಮಟ್ಟ ಅಳೆಯುವ ಸೂಜಿಯ ಮುಂದೆ ಕೂರಿಸಿದ್ದರು. ಅದು ನೀರಿನ ಮೇಲೆ ನೇತುಬಿದ್ದ ಚೂಪು ಕಡ್ಡಿ. ತಿರುಗಣೆ ತಿರುಗಿಸುತ್ತ ಇಳಿಸಬೇಕು, ಇಳಿಸುತ್ತ ನೀರಿನೊಳಗಿಂದ ಇನ್ನೊಂದು ಸೂಜಿ ಮೇಲೇರಿ ಬರುವುದನ್ನು ನೋಡಬೇಕು. ಅದು ಇದರದೇ ಪ್ರತಿಬಿಂಬ. ಎರಡರ ಮೊನೆ ಕೂಡಿದ ಕಡೆ ನಿಲ್ಲಿಸಬೇಕು.

"ಚುಚ್ಬೇಡ. ಮುಟ್ಟು," ಎಂದಿದ್ದರು ಮೇಡಂ, ಅವಳ ಮೊಣಕೈಯನ್ನು ತಮ್ಮ ಅಂಗೈಯಲ್ಲಿ ಆನಿಸಿಕೊಂಡು. "ನೀನು ಉಸಿರು ಬಿಟ್ರೂ ನೀರಿಗೆ ಗೊತ್ತಾಗುತ್ತೆ."

ಆ ಮಧ್ಯಾಹ್ನವೆಲ್ಲ ಅವಳು ಉಸಿರು ಹಿಡಿದೇ ಇದ್ದಳು. ತಾಯಿಯನ್ನು ಚಿಕ್ಕವಳಿದ್ದಾಗಲೇ ಕಳೆದುಕೊಂಡಿದ್ದ ಅವಳಿಗೆ ಮೊಣಕೈಗೆ ಹಾಗೆ ಕೈ ಕೊಟ್ಟವರು ಬೇರೆ ಯಾರೂ ಇರಲಿಲ್ಲ. ಮದುವೆಯ ದಿನ ಹೆಣ್ಣಿನ ಕಡೆಯಿಂದ ಮುಂದೆ ನಿಂತವರೂ ಮೇಡಮ್ಮೇ. ಮೊದಲ ಬಸಿರು ನಿಲ್ಲದೆ ಹೋದಾಗ ಆಸ್ಪತ್ರೆಯ ಬೆಂಚಿನಲ್ಲಿ ಮಾತಿಲ್ಲದೆ ಪಕ್ಕ ಕೂತವರೂ ಅವರೇ. ಅತ್ತೆಗೂ ಇದು ಗೊತ್ತು. "ನಿಮ್ಮಕ್ಕನ್ನ ಕೇಳ್ಕೊಂಡು ಬಾ" ಎನ್ನುವುದು ಆ ಮನೆಯಲ್ಲಿ ದೊಡ್ಡ ವಿಷಯಗಳಿಗೆಲ್ಲ ಕೊನೆಯ ಮಾತು.

ಕಾರ್ಖಾನೆಯವರು ತಮ್ಮ ದಡದಲ್ಲಿ ನದಿಯ ಪಾತ್ರಕ್ಕೆ ಒತ್ತಿ ಒಂದು ಗೋಡೆ ಕಟ್ಟಬೇಕೆಂದಾಗ ಈ ಸಿಮೆಂಟಿನ ನದಿ ಹುಟ್ಟಿದ್ದು. ನೆರೆ ಬಂದರೆ ಮೊದಲು ನೀರು ಕಾರ್ಖಾನೆಯ ಬಯಲಿಗೆ ಹರಡುತ್ತಿತ್ತು. ಗೋಡೆ ಎದ್ದರೆ ಆ ನೀರು ಎಲ್ಲಿಗೆ ಹೋಗಬೇಕು? ಎದುರು ದಡದ ತಗ್ಗಿನಲ್ಲಿ ಇರುವುದು ಓಣಿ. ಓಣಿಯವರು ಒಪ್ಪದೆ ಗೋಡೆಗೆ ಅನುಮತಿಯಿಲ್ಲವೆಂದು ನಗರಸಭೆ ಹೇಳಿತು. ಹಾಗಾದರೆ ನೀರನ್ನೇ ಕೇಳೋಣ, ಅದು ಏನನ್ನುತ್ತದೋ ಎಲ್ಲರ ಎದುರು ನೋಡೋಣ ಎಂದಾಯಿತು.

ಸಿಮೆಂಟಿನ ನದಿಯನ್ನು ಸುಮ್ಮನೆ ನಂಬಲಾಗದು. ಅದರ ತಳ ನುಣುಪು. ನಿಜವಾದ ನದಿಯಲ್ಲಿ ಬಂಡೆಯುಂಟು, ಬೇರುಂಟು, ಕೆಸರುಂಟು, ಯಾರೋ ಎಸೆದ ಟಯರುಗಳುಂಟು. ಅವೆಲ್ಲ ನೀರಿನ ಕಾಲು ಹಿಡಿದು ಎಳೆಯುತ್ತವೆ, ನೀರು ತಡವಾಗುತ್ತದೆ, ತಡವಾದದ್ದು ಮೇಲೇರುತ್ತದೆ. ಆ ಎಳೆತವನ್ನು ಶೆಡ್ಡಿನಲ್ಲಿ ಉಂಟುಮಾಡುವುದು ಕಲ್ಲುಗಳಿಂದ. ಬಟಾಣಿ ಗಾತ್ರದಿಂದ ಹುಣಸೆಬೀಜದ ಗಾತ್ರದವರೆಗಿನ ಕಲ್ಲುಗಳನ್ನು ತಳಕ್ಕೆ, ದಡಕ್ಕೆ ಒಂದೊಂದಾಗಿ ಅಂಟಿಸಿ, ನೀರು ಬಿಟ್ಟು ನೋಡಿ, ಸಾಲದಿದ್ದರೆ ಸೇರಿಸಿ, ಹೆಚ್ಚಾದರೆ ಬಿಡಿಸಿ, ಹಿಂದೆ ನಿಜವಾಗಿ ಬಂದ ನೆರೆಯ ಮಟ್ಟಕ್ಕೆ ಶೆಡ್ಡಿನ ನೀರು ಬಂದು ನಿಲ್ಲುವವರೆಗೂ ಅದೇ ಕೆಲಸ. ಹಾಗೆ ನಿಂತ ಮೇಲೆ ಒಂದು ಕಲ್ಲನ್ನೂ ಮುಟ್ಟಬಾರದು. ಆಗಷ್ಟೇ ಗೋಡೆ ಇಟ್ಟು ನೋಡಬಹುದು.

ಹಿಂದಿನ ನೆರೆಯ ಮಟ್ಟ ಎಲ್ಲಿತ್ತೆಂದು ಹೇಳಬೇಕಾದವರು ಓಣಿಯವರೇ. ಗೋಂದಮ್ಮ ಮನೆಮನೆಗೆ ಹೋಗಿ ಕೇಳಿದಳು. ಬೇಕರಿಯವನು ತನ್ನ ಒಲೆಯ ಕಬ್ಬಿಣದ ಬಾಗಿಲಿನ ಮೇಲಿದ್ದ ತುಕ್ಕಿನ ಗೆರೆ ತೋರಿಸಿದ. ಅತ್ತೆ ಮಂಚದ ಹಿಂದಿನ ಗೋಡೆಯ ಮೇಲೆ ಸುಣ್ಣ ಬಳಿಯಲು ಬಿಡದೆ ಉಳಿಸಿಕೊಂಡಿದ್ದ ಕೆಸರಿನ ಕಲೆ ತೋರಿಸಿದಳು; ನೆರೆ ಬಂದ ದಿನ ಮಂಚವೇ ತೇಲಿತ್ತಂತೆ, ಅದರ ಮೇಲೆ ಮಾವ ನಿದ್ದೆ ಹೋಗಿದ್ದರಂತೆ. "ನಿಮ್ಮಾವನಿಗೆ ಎಚ್ಚರ ಆಗಿದ್ದು ತಲೆ ಹೋಗಿ ಬಾಗಿಲ ಚೌಕಟ್ಟಿಗೆ ಬಡಿದಾಗ," ಎಂದಳು ಅತ್ತೆ, ನಗಬೇಕೋ ಬೇಡವೋ ತಿಳಿಯದ ಮುಖದಲ್ಲಿ. ಮೇಡಂ ಕೂಡ ಒಂದು ಸಂಜೆ ಬಂದು, ಆ ಕಲೆಯ ಮೇಲೆ ಕೈಯಿಟ್ಟು, ಅತ್ತೆ ಕೊಟ್ಟ ಚಹಾ ಕುಡಿದು, "ಇದಕ್ಕಿಂತ ಒಳ್ಳೇ ಅಳತೆ ಯಾರ ಹತ್ರಾನೂ ಇಲ್ಲಮ್ಮ," ಎಂದು ಹೋಗಿದ್ದರು.

ಕಲ್ಲು ಅಂಟಿಸುವ ಗೋಂದು ಮೇಡಮ್ಮಿನದೇ ಪಾಕ. ರಾಳ ಮತ್ತು ಮೇಣ ಕೂಡಿಸಿ ಕರಗಿಸಿದ್ದು. ತಣ್ಣೀರಿಗೆ ಜಗ್ಗದು. ಬಿಡಿಸಬೇಕಾದರೆ ಕುದಿನೀರಿನಲ್ಲಿ ಅದ್ದಿದ ಬಟ್ಟೆಯ ಚೂರನ್ನು ಕಲ್ಲಿನ ಮೇಲೆ ಒತ್ತಿಹಿಡಿದು, ಗೋಂದು ಮೆತ್ತಗಾಗುತ್ತಲೇ ಹೆಬ್ಬೆರಳಲ್ಲಿ ತಿರುವಬೇಕು. ಆತುರಪಟ್ಟರೆ ಸಿಮೆಂಟೂ ಕಿತ್ತು ಬರುತ್ತದೆ, ತಡಮಾಡಿದರೆ ಗೋಂದು ಹರಡುತ್ತದೆ. ಸರಿಯಾಗಿ ತಿರುವಿದರೆ ಕಲ್ಲು ಎದ್ದು, ಅದು ಕೂತಿದ್ದಲ್ಲಿ ಪುಟ್ಟ ಬಟ್ಟಲಿನಂಥ ನುಣುಪು ಗುಳಿ ಉಳಿಯುತ್ತದೆ. ಶೆಡ್ಡಿನಲ್ಲಿ ಇದು ಇಬ್ಬರ ಹೆಬ್ಬೆರಳಿಗೆ ಮಾತ್ರ ಒಲಿದಿತ್ತು. ಉಳಿದವರು ಉಳಿ ಹಿಡಿದು ತಳವನ್ನೇ ಹಾಳುಮಾಡುತ್ತಿದ್ದರು. ಮೇಡಮ್ಮಿನ ಇನ್ನೊಂದು ಕಟ್ಟಪ್ಪಣೆ, ಬಿಡಿಸಿದ ಕಲ್ಲನ್ನು ಎಸೆಯಬಾರದು. ಒಮ್ಮೆ ಸರಿಯಾಗಿ ಕೂತ ಕಲ್ಲು ಇನ್ನೊಮ್ಮೆ ಬೇಕಾಗುತ್ತದೆ.

ಕಲ್ಲುಗಳ ನಡುವೆ ಅವಳು ಅಲ್ಲಲ್ಲಿ ಗುಂಡುಸೂಜಿ ನೆಟ್ಟು ಗಂಡನ ಅಂಗಡಿಯ ಕೆಂಪು ದಾರದ ತುಂಡುಗಳನ್ನು ಕಟ್ಟಿದ್ದಳು. ನೀರು ತಳದಲ್ಲಿ ಎತ್ತ ಹೊರಟಿದೆಯೋ ದಾರ ಅತ್ತ ಬೆರಳು ಮಾಡುತ್ತದೆ. "ನನ್ನ ದಾರಕ್ಕೂ ಸರ್ಕಾರಿ ಕೆಲಸ ಸಿಕ್ತು," ಎಂದು ದರ್ಜಿ ಗಿರಾಕಿಗಳ ಹತ್ತಿರ ಹೇಳಿಕೊಳ್ಳುತ್ತಿದ್ದ. ಓಣಿಯ ತಿರುವಿನಲ್ಲಿ ಮಾತ್ರ ಆ ದಾರಗಳು ಎತ್ತಲೂ ನೆಟ್ಟಗೆ ತೋರಿಸುತ್ತಿರಲಿಲ್ಲ. ದಡದ ಕಲ್ಲುಗಳ ಸಂದಿನಲ್ಲಿ ನೀರು ಬೇಸತ್ತು ಸುತ್ತುತ್ತಿತ್ತು. ದಾರಗಳು ಮನೆ ಮರೆತವರ ಹಾಗೆ ಆಚೆ ಈಚೆ ಅಲೆಯುತ್ತಿದ್ದವು. ಬೇಕರಿಯ ತುಕ್ಕಿನ ಗೆರೆಗೂ ಅತ್ತೆಯ ಕೆಸರಿನ ಕಲೆಗೂ ಸೂಜಿಯ ಮೊನೆ ಒಟ್ಟಿಗೇ ಹೊಂದಿದ ದಿನ ಅವಳೂ ಮೇಡಮ್ಮೂ ಒದ್ದೆ ನೆಲದಲ್ಲಿ ಕೂತು ಮಕ್ಕಳ ಹಾಗೆ ಕೈ ಕೈ ತಟ್ಟಿದ್ದರು.

ಗೋಡೆ ಇಟ್ಟು ನೀರು ಬಿಡುವುದನ್ನು ಜನರ ಎದುರೇ ಮೊದಲು ಮಾಡೋಣ ಎಂದರು ಮೇಡಂ. "ನಾವು ಮೊದಲೇ ನೋಡ್ಕೊಂಡು ಆಮೇಲೆ ತೋರಿಸಿದ್ರೆ ನಾಟಕ ಅಂತಾರೆ." ಅದು ಅವಳಿಗೆ ನ್ಯಾಯವಾಗಿ ಕಂಡಿತು. ಹಿಂದಿನ ದಿನ ಮರದ ಗೋಡೆಯನ್ನು ಕೂರಿಸಿದ್ದಷ್ಟೇ. ಮಧ್ಯಾಹ್ನವೇ ಮೇಡಂ ಅವಳ ಬೆನ್ನು ತಟ್ಟಿ ಮನೆಗೆ ಕಳಿಸಿದರು.

"ಹೋಗು, ತಲೆ ತೊಳ್ಕೊಂಡು ಚೆನ್ನಾಗಿ ನಿದ್ದೆ ಮಾಡು. ನಾಳೆ ಎಲ್ಲರ ಮುಂದೆ ನಿಲ್ಲೋಳು ನೀನು. ಕಸ ಗುಡಿಸೋದು ಗಿಡಿಸೋದು ನಾನು ನೋಡ್ಕೋತೀನಿ."

ಬಿಸಿನೀರಿನಲ್ಲಿ ಕೈ ತೊಳೆಯುತ್ತ ಅವಳು ಗಂಡನಿಗೆ ಅಂದಿದ್ದಳು, "ನೋಡು, ಅಕ್ಕ ಕಸ ಗುಡಿಸ್ತಾರಂತೆ, ನನಗೋಸ್ಕರ."

ಮರುದಿನ ಬೆಳಿಗ್ಗೆ ಓಣಿಗೆ ಓಣಿಯೇ ಸೇತುವೆ ದಾಟಿ ಬಂತು. ಕಾರ್ಖಾನೆಯವರು ಒಂದು ಕಡೆ, ನಗರಸಭೆಯ ಅಧಿಕಾರಿ ನಡುವೆ. ಅತ್ತೆ ಮರದ ತುಂಡುಗಳಲ್ಲಿ ತನ್ನ ಮನೆ ಹುಡುಕಿ ತಕರಾರು ತೆಗೆದಳು.

"ಇದೇನೇ, ನನ್ನ ಮನೆಗೆ ಕಿಟಕೀನೇ ಇಟ್ಟಿಲ್ಲ! ನಾನು ಎಲ್ಲಿಂದ ಬೈಬೇಕು?"

"ಅದಕ್ಕೇ ಇಟ್ಟಿಲ್ಲ ಅಜ್ಜಿ," ಎಂದ ಬೇಕರಿಯವನು. "ಪ್ರಯೋಗ ಶಾಂತವಾಗಿ ನಡೀಲಿ ಅಂತ."

ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕು, ಗೋಂದಮ್ಮನ ಹೆಗಲ ಮೇಲೆ ಕೈಯಿಟ್ಟು ಜನರತ್ತ ತಿರುಗಿದರು. "ನಾನು ಹೇಳೋದನ್ನ ನೀವು ನಂಬ್ಬೇಕಾಗಿಲ್ಲ. ಈ ನದಿಯ ಒಂದೊಂದು ಕಲ್ಲನ್ನೂ ಅಂಟಿಸಿದೋಳು ನಿಮ್ಮ ಮನೆ ಸೊಸೆ. ಸೂಜಿ ಇಳಿಸೋಳೂ ಅವಳೇ."

ಪಂಪು ನೋಡಿಕೊಳ್ಳುವ ವಯಸ್ಸಾದವನು, ಅವಳ ಬಾಯಲ್ಲಿ ಪಂಪಣ್ಣ, ಕವಾಟ ತಿರುಗಿಸಿದ. ನೀರು ಬಂತು. ಕಿರುಗಟ್ಟೆ ಮುಳುಗಿತು, ಸೇತುವೆಯ ಕಾಲುಗಳು ಮುಳುಗಿದವು, ಬಯಲಿನ ಅಂಚಿನಲ್ಲಿ ಹೊಸ ಗೋಡೆಗೆ ನೀರು ಮೈ ತಿಕ್ಕಿತು. ಅವಳು ಅತ್ತೆಯ ಮನೆಯ ಮುಂದೆ ಸೂಜಿ ಇಳಿಸಿದಳು. ಕೈ ನಡುಗದಂತೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಿದ್ದಳು. ಏರುತ್ತದೆ ಎಂಬ ಹೆದರಿಕೆಯನ್ನು ವಾರಗಟ್ಟಲೆ ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದವಳು ಅವಳು. ಮೊನೆಗೆ ಮೊನೆ ಕೂಡಿತು. ಹಳೆಯ ಕಲೆಯ ಮಟ್ಟ. ಅದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಅವಳು ತಲೆಯೆತ್ತಿ ನಕ್ಕಳು. ಆ ನಗುವನ್ನು ನೋಡಿಯೇ ಓಣಿಗೆ ಉತ್ತರ ತಿಳಿದುಹೋಯಿತು. ಅವಳು ಮಟ್ಟ ಹೇಳುವ ಮೊದಲೇ ಚಪ್ಪಾಳೆ. "ಆಗ ಬಂದಷ್ಟೇ ಬರುತ್ತೆ, ಬಿಡಿ. ಮಂಚ ಇನ್ನೊಂದ್ಸಲ ತೇಲಿದ್ರೆ ತೇಲಲಿ," ಎಂದಳು ಅತ್ತೆ. ಸಂಜೆ ದರ್ಜಿಯ ಅಂಗಡಿಯಲ್ಲಿ ಎಲ್ಲರೂ ಸೇರಿ, ಅಧಿಕಾರಿಯ ಎದುರು ಕೈಯೆತ್ತಿ ಒಪ್ಪಿಗೆ ಕೊಡುವುದೆಂದು ಮಾತಾಯಿತು.

ನಗುವಾಗ ಅವಳ ಕಣ್ಣ ಕೊನೆಗೆ ಏನೋ ಕೆಂಪಗೆ ಬಿದ್ದಿತ್ತು. ಅದು ಏನೆಂದು ಹೊಳೆದದ್ದು ಜನರೆಲ್ಲ ಹೋಗಿ, ಮೇಡಂ ಕಾರ್ಖಾನೆಯವರನ್ನು ಬೀಳ್ಕೊಡಲು ಹೊರಗೆ ನಡೆದು, ಸಂಜೆಯ ಹೊತ್ತಿಗೆ ಪಂಪಣ್ಣ ನೀರು ಬಸಿಯಲು ಬಿಟ್ಟ ಮೇಲೆ. ತಿರುವಿನ ದಾರಗಳು. ಅವು ಅಲೆದಾಡಿರಲಿಲ್ಲ. ಬಾಚಿದ ಕೂದಲ ಹಾಗೆ, ಒಂದರ ಹಿಂದೆ ಒಂದು, ನೆಟ್ಟಗೆ ಕೆಳಮುಖವಾಗಿ ಮಲಗಿದ್ದವು.

ಅವಳು ಚಪ್ಪಲಿ ಬಿಟ್ಟು ಅರ್ಧ ಬಸಿದ ನದಿಯೊಳಗೆ ಇಳಿದಳು. ತಿರುವಿನ ದಡಕ್ಕೆ ಕೈ ಹಾಕಿದಳು. ಈ ದಡ ಅವಳ ಬೆರಳುಗಳಿಗೆ ಬಾಯಿಪಾಠ. ಇಲ್ಲಿ ದೊಡ್ಡದು, ಅದರ ಮಗ್ಗುಲಿಗೆ ಎರಡು ಸಣ್ಣವು, ಆಮೇಲೆ ಚಪ್ಪಟೆಯಾದದ್ದು. ಬೆರಳು ಹೋದಲ್ಲಿ ಕಲ್ಲು ಸಿಗಲಿಲ್ಲ. ಹಲ್ಲು ಬಿದ್ದ ಒಸಡನ್ನು ನಾಲಗೆ ತಡವುವಂತೆ ಅವಳು ತಡವುತ್ತ ಹೋದಳು. ತಿರುವಿನಲ್ಲಿ ಇಲ್ಲ. ತಿರುವಿನ ಕೆಳಗೆ, ನೀರನ್ನು ಹಿಡಿದು ನಿಲ್ಲಿಸಬೇಕಾದ ಜಾಗದಲ್ಲಿ, ಒಂದು ಬಿಟ್ಟು ಒಂದು ಇಲ್ಲ.

"ಪಂಪಣ್ಣ!" ಎಂದಳು. ಶೆಡ್ಡಿನ ಬೀಗದ ಕೈ ಇರುತ್ತಿದ್ದುದು ಅವನ ಬಳಿ. "ನಿನ್ನೆ ನೀನು ಯಾರನ್ನ ಒಳಗೆ ಬಿಟ್ಟೆ?"

"ಯಾರನ್ನೂ ಇಲ್ಲ ತಾಯಿ. ಯಾಕೆ?"

"ನಿಜ ಹೇಳು. ಕಾರ್ಖಾನೆ ಕಡೆಯವರು ಯಾರಾದ್ರೂ..." ಮಾತು ಅಲ್ಲಿಗೇ ನಿಂತಿತು. ನೀರು ಇನ್ನಷ್ಟು ಇಳಿದು ತಳ ಕಾಣುತ್ತಿತ್ತು. ಕಲ್ಲು ಕೂತಿದ್ದ ಜಾಗಗಳಲ್ಲಿ ಸಿಮೆಂಟು ಎದ್ದಿರಲಿಲ್ಲ, ಗೋಂದು ಹರಡಿರಲಿಲ್ಲ. ಒಂದೊಂದೂ ಪುಟ್ಟ ಬಟ್ಟಲು. ನುಣುಪಾದ, ದುಂಡಗಿನ, ಅಂಚು ಮುರಿಯದ ಗುಳಿ. ಇಷ್ಟು ಚೆಂದವಾಗಿ ಕಲ್ಲು ಬಿಡಿಸಬಲ್ಲ ಹೆಬ್ಬೆರಳು ಈ ಶೆಡ್ಡಿನಲ್ಲಿ ಎರಡೇ, ಒಂದು ಅವಳದು.

"ಏನಾಯ್ತಮ್ಮ?" ಎಂದ ಪಂಪಣ್ಣ. ಅನುಮಾನಿಸಿದ್ದಕ್ಕೆ ಅವನ ಮುಖ ಸಣ್ಣಗಾಗಿತ್ತು.

"ಏನಿಲ್ಲ ಅಣ್ಣ. ತಪ್ಪು ತಿಳ್ಕೊಬೇಡ." ಅವಳು ನೀರಿನಿಂದ ಎದ್ದು ಮೇಡಮ್ಮಿನ ಬೆಂಚಿನ ಕೆಳಗೆ ಬಗ್ಗಿದಳು. ಅಲ್ಲಿ ಒದ್ದೆ ಬಟ್ಟೆ ಹೊದಿಸಿದ ಬಕೆಟ್ಟಿತ್ತು. ಬಟ್ಟೆ ಸರಿಸಿದಳು. ದೊಡ್ಡವು ಕೆಳಗೆ, ಸಣ್ಣವು ಮೇಲೆ, ತೊಳೆದು ಜೋಡಿಸಿದ ಕಲ್ಲುಗಳು. ಎಸೆದುಬಿಟ್ಟಿದ್ದರೆ ಎಷ್ಟು ಸುಲಭವಿತ್ತು. ಹಿತ್ತಲ ಬಾಗಿಲು ತೆರೆದರೆ ನದಿ, ಒಂದು ಬಾರಿ ಬಕೆಟ್ಟು ಬೋರಲು ಹಾಕಿದರೆ ಮುಗಿಯಿತು. ಆದರೆ ಮೇಡಮ್ಮಿನ ಕೈಗೆ ಅದು ಬಂದಿರಲಿಲ್ಲ. ಬದುಕಿಡೀ ಕಲ್ಲು ಎಸೆಯದ ಕೈ.

"ಇನ್ನೂ ಮನೆಗೆ ಹೋಗಿಲ್ವಾ?" ಬಾಗಿಲಲ್ಲಿ ಮೇಡಂ ನಿಂತಿದ್ದರು.

"ಕಲ್ಲು ಯಾಕಕ್ಕಾ ತೆಗೆದ್ರಿ?"

ಯಾವ ಕಲ್ಲು ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಪಂಪಣ್ಣನಿಗೆ ಹೊರಗೆ ಹೋಗುವಂತೆ ಕಣ್ಸನ್ನೆ ಮಾಡಿ, ತಮ್ಮ ಸ್ಟೂಲು ಎಳೆದು ಕೂತರು.

"ಮೊದಲು ಕಾಲು ಒರೆಸ್ಕೋ. ಶೀತ ಆಗುತ್ತೆ."

"ಹೇಳಿ."

"ಈ ಶೆಡ್ಡು ಯಾರ ನೆಲದ ಮೇಲೆ ನಿಂತಿದೆ ಗೊತ್ತಲ್ಲ ನಿನಗೆ? ಗೋಡೆ ಬೇಡ ಅಂತ ನಾವು ತೋರಿಸಿದ್ರೆ ಕಾರ್ಖಾನೆಯವರು ಖಾಲಿ ಮಾಡಿ ಅಂತಾರೆ. ಸುರಂಗ, ಕಾಲುವೆ, ಇದೆಲ್ಲಾ ಗುಜರಿಗೆ ಹೋಗುತ್ತೆ. ಇನ್ನೂ ಎಷ್ಟು ಊರಿನ ಹೊಗೆ ನೋಡ್ಬೇಕು ನಾವು, ಎಷ್ಟು ಊರಿನ ಕೊಳಚೆ ನೋಡ್ಬೇಕು. ಒಂದು ಓಣಿಗೋಸ್ಕರ ಅದೆಲ್ಲಾ ಬಿಟ್ಬಿಡೋಣ್ವಾ?"

"ಅದು ನಮ್ಮ ಓಣಿ ಅಕ್ಕ."

"ಗೊತ್ತು. ಎಷ್ಟು ವ್ಯತ್ಯಾಸ ಹೇಳು? ಬೆರಳಿನ ಒಂದು ಗೆಣ್ಣು."

"ಇಲ್ಲಿ ಗೆಣ್ಣು. ನಮ್ಮ ಮನೇಲಿ ಎದೆಮಟ್ಟ. ಈಗಿರೋ ಕಲೆ ಮೇಲೆ ಎದೆಮಟ್ಟ."

"ಅಂಥ ನೆರೆ ಮತ್ತೆ ಬರ್ಬೇಕಲ್ಲ."

ಗೋಂದಮ್ಮ ಬಕೆಟ್ಟಿನ ಕಲ್ಲುಗಳತ್ತ ನೋಡಿದಳು. ಅವಳ ತಲೆಯಲ್ಲಿ ಓಡುತ್ತಿದ್ದುದು ಬೇರೆ. ಎಷ್ಟು ಕಲ್ಲು ತೆಗೆದರೆ ಎಷ್ಟು ಇಳಿಯುತ್ತದೆಂದು ತೂಗಿ ನೋಡಿ, ಗೋಡೆ ಏರಿಸುವ ನೀರನ್ನು ಕಲ್ಲಿಲ್ಲದ ತಳ ಸರಿಯಾಗಿ ಇಳಿಸುವಂತೆ ಹೊಂದಿಸಿ, ಸೂಜಿ ಹಳೆಯ ಕಲೆಗೇ ಬಂದು ನಿಲ್ಲುವಂತೆ ಮಾಡಲು ಎಷ್ಟು ಹೊತ್ತು ಬೇಕು? ಎಷ್ಟು ಸಲ ನೀರು ಬಿಟ್ಟು ನೋಡಬೇಕು? ತಾನು ಕೈ ತೊಳೆಯುತ್ತ ಗಂಡನೆದುರು ಹೆಮ್ಮೆ ಪಡುತ್ತಿದ್ದಾಗ ಇಲ್ಲಿ ಈ ಸೂಜಿ ಎಷ್ಟು ಬಾರಿ ಇಳಿದು ಎಷ್ಟು ಬಾರಿ ಏರಿತು?

"ನನಗ್ಯಾಕೆ ಹೇಳಲಿಲ್ಲ?" ಎಂದಳು ಕೊನೆಗೆ.

ಮೇಡಂ ಅವಳನ್ನು ನೋಡಿದ ರೀತಿಯಲ್ಲಿ ಪ್ರೀತಿಯಿತ್ತು. ಅದೇ ಅವಳಿಗೆ ತಡೆಯಲಾಗದ್ದು. "ಹೇಳಿದ್ರೆ ನೀನು ಒಪ್ತಿರಲಿಲ್ಲ. ಒಪ್ಪಿದ್ರೂ ನಿನ್ನ ಮುಖದಲ್ಲಿ ಸುಳ್ಳು ನಿಲ್ಲಲ್ಲ ಕಣೇ. ನೀನು ನಕ್ಕಿದ್ದಕ್ಕೇ ಅವರು ನಂಬಿದ್ದು. ನಿಜವಾಗ್ಲೂ ನಗ್ಬೇಕಿತ್ತು ನೀನು."

ಶೆಡ್ಡಿನ ಮೂಲೆಯಲ್ಲಿ ಕೊನೆಯ ನೀರು ಗುಳುಗುಳು ಎಂದು ಬಸಿದುಹೋಯಿತು. ಹಾಗಾದರೆ ತಾನು ಅಂಟಿಸಿದ ಕಲ್ಲುಗಳಲ್ಲ, ಓಡಾಡಿ ತಂದ ಗುರುತುಗಳಲ್ಲ, ನಡುಗದ ಕೈಯೂ ಅಲ್ಲ. ಅವರಿಗೆ ಬೇಕಾಗಿದ್ದುದು ತನ್ನ ನಗು. ಅದನ್ನು ಹೊರಗೆ ತರಲು ಎಲ್ಲಿ ಒತ್ತಬೇಕು, ಎಷ್ಟು ಕಾಯಬೇಕು, ಹೇಗೆ ತಿರುವಬೇಕು ಎಂಬುದೂ ಅವರಿಗೆ ಗೊತ್ತಿತ್ತು.

"ಬಾ ಇಲ್ಲಿ," ಎಂದರು ಮೇಡಂ, ಕೈ ಚಾಚಿ. "ನಾಳೆ ಬೆಳಿಗ್ಗೆ ಇಬ್ರೂ ಕೂತು ಎಲ್ಲಾ ಕಲ್ಲೂ ವಾಪಸ್ ಅಂಟಿಸೋಣ. ಗುಳಿಗಳು ಹಾಗೇ ಇವೆ. ಮೊದಲಿನ ಹಾಗೇ ಆಗುತ್ತೆ. ಯಾರಿಗೂ..."

ಅವಳು ಬಕೆಟ್ಟಿನ ಹಿಡಿಗೆ ಕೈ ಹಾಕಿ ಎತ್ತಿದಳು. ಭಾರಕ್ಕೆ ಭುಜ ಒಂದು ಕಡೆ ವಾಲಿತು. ಚಪ್ಪಲಿ ಹುಡುಕುವ ಗೋಜಿಗೆ ಹೋಗಲಿಲ್ಲ.

ಬಾಗಿಲಾಚೆ ಪಂಪಣ್ಣ ಬೀಡಿ ಹಚ್ಚದೆ ಬೆರಳಲ್ಲಿ ಹಿಡಿದುಕೊಂಡು ನಿಂತಿದ್ದ. ಎಲ್ಲ ಕೇಳಿಸಿಕೊಂಡವನ ಮುಖ. "ಮೇಡಂ ಬೀಗ ಹಾಕು ಅಂದ್ರೆ ಹಾಕ್ಲೇಬೇಕು ತಾಯಿ," ಎಂದ, ಕೇಳದಿದ್ದರೂ. "ಆದ್ರೆ ನಂಗೆ ಈಗೀಗ ಕಿವಿ ಮಂದ. ಒಂದ್ಸಲಕ್ಕೆ ಕೇಳ್ಸಲ್ಲ. ಎರಡು ಮೂರು ಸಲ ಕೂಗ್ಬೇಕು ಅವರು."

ದರ್ಜಿಯ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಲಿಗೆ ಯಂತ್ರಗಳನ್ನು ಗೋಡೆಗೆ ಒತ್ತರಿಸಿ ಬಟ್ಟೆ ಕತ್ತರಿಸುವ ಮೇಜನ್ನು ಅಧಿಕಾರಿಗೆ ಬಿಟ್ಟುಕೊಟ್ಟಿದ್ದರು. ಬೇಕರಿಯವನು ಬಿಸ್ಕತ್ತಿನ ತಟ್ಟೆ ಹಿಡಿದು ಓಡಾಡುತ್ತಿದ್ದ. ಅವಳನ್ನು ಕಂಡದ್ದೇ ದಾರಿ ಬಿಟ್ಟರು.

"ಬಂದಳಪ್ಪಾ ನದಿ ಸೊಸೆ!"

"ಸರಿಯಾದ ಹೊತ್ತಿಗೆ ಬಂದೆ. ಕೈ ಎತ್ತೋದೊಂದು ಬಾಕಿ."

ಅವಳು ಬಕೆಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಕಲ್ಲುಗಳು ಕತ್ತರಿಯ ಮೇಲೆ, ಸೀಮೆಸುಣ್ಣದ ಮೇಲೆ, ಅಧಿಕಾರಿಯ ಚಹಾದ ಲೋಟದ ಸುತ್ತ ಉರುಳಿದವು.

"ಇದು ಬೆಳಿಗ್ಗೆ ನದಿಯಲ್ಲಿ ಇರ್ಬೇಕಾಗಿತ್ತು," ಎಂದಳು. "ಇರಲಿಲ್ಲ. ಇದ್ದಿದ್ರೆ ನೀರು ಇನ್ನೂ ಎದೆಮಟ್ಟ ಏರ್ತಿತ್ತು. ನೀವು ನೋಡಿದ್ದು ಸುಳ್ಳು. ನಾನು ತೋರಿಸಿದ್ದು ಸುಳ್ಳು."

ದರ್ಜಿ ಹೆಂಡತಿಯ ಬರಿಗಾಲುಗಳನ್ನು ನೋಡುತ್ತಿದ್ದ. ಬೇಕರಿಯವನು ತಟ್ಟೆ ಕೆಳಗಿಟ್ಟ. ಅವನ ದನಿಯಲ್ಲಿ ಈಗ ತಮಾಷೆಯಿರಲಿಲ್ಲ.

"ಬೆಳಿಗ್ಗೆ ನಗ್ತಾ ಇದ್ದೆಯಲ್ಲ ಗೋಂದಮ್ಮ?"

"ನಗ್ತಾ ಇದ್ದೆ."

"ಸಂಜೆಗೆ ಸುಳ್ಳು ಅಂತೀಯ. ನಾವು ಯಾವ ಹೊತ್ತಿನ ಮಾತು ನಂಬ್ಬೇಕು?"

"ಕಿತ್ತಿದ್ದು ಯಾರು?" ಎಂದ ಅಧಿಕಾರಿ.

ಅವಳು ಬಾಯಿ ತೆರೆದಳು. ಮೇಡಂ ಎನ್ನಬೇಕೆಂದುಕೊಂಡಿದ್ದಳು. "ಅಕ್ಕ," ಎಂದಳು.

ಅತ್ತೆ ಮೂಲೆಯ ಸ್ಟೂಲಿನಿಂದ ಎದ್ದು ಬಂದಳು. "ನಮ್ಮನೆಗೆ ಬಂದು, ಕಲೆ ಮುಟ್ಟಿ, ಚಹಾ ಕುಡಿದು ಹೋದ್ರಲ್ಲೇ ಅವರು. ನಾನೇ ಮಾಡಿದ ಚಹಾ. ಎರಡು ಲೋಟ ಕುಡಿದ್ರು." ಅದಕ್ಕಿಂತ ದೊಡ್ಡ ಸಾಕ್ಷಿ ಅವಳಿಗೆ ಬೇಕಿರಲಿಲ್ಲ, ಹಾಗೆ ಚಹಾ ಕುಡಿದವರು ಹೀಗೆ ಮಾಡುವುದಿಲ್ಲ ಎಂಬ ಹಟ ದನಿಯಲ್ಲಿತ್ತು. ಆದರೆ ಹೇಳುತ್ತ ಹೇಳುತ್ತ ಸೊಸೆಯ ಮುಖ ನೋಡಿದಳು, ದನಿ ಅಲ್ಲಿಗೇ ಬಿತ್ತು.

"ಅವರು ತಿರುಗಿಸಿ ಹೇಳಿದ್ರೆ?" ಎಂದ ದರ್ಜಿ ಮೆಲ್ಲಗೆ. ಹೆಂಡತಿಯ ಪರವಾಗಿಯೇ ಕೇಳಿದ್ದು. "ಅಂಟಿಸಿದ್ದು ಅವಳೇ, ಕಿತ್ತಿದ್ದೂ ಅವಳೇ, ತನ್ನ ಓಣಿ ಅಂತ ಆಟ ಆಡ್ತಿದ್ದಾಳೆ ಅಂದ್ರೆ? ಹಾಗೆ ಕಲ್ಲು ಬಿಡಿಸೋಕೆ ಬರೋದು ನಿಮ್ಮಿಬ್ಬರಿಗೇ ಅಂತ ನೀನೇ ಹೇಳ್ತಿದ್ದೆ."

"ಹೇಳ್ತಾರೆ," ಎಂದಳು ಅವಳು. "ನನ್ನ ಮಾತೂ ನಂಬ್ಬೇಡಿ, ಅವರ ಮಾತೂ ನಂಬ್ಬೇಡಿ. ನಾನು ಇನ್ನು ಆ ನದೀನ ಮುಟ್ಟಲ್ಲ. ನೀವೇ ಬನ್ನಿ. ಒಂದೊಂದು ಗುಳಿ ಇದೆ, ಒಂದೊಂದು ಕಲ್ಲಿದೆ. ಯಾವ ಕಲ್ಲು ಯಾವುದಕ್ಕೆ ಕೂರುತ್ತೋ ನಿಮ್ಮ ಬೆರಳೇ ಹೇಳುತ್ತೆ. ನೀವೇ ಅಂಟಿಸಿ. ನೀವೇ ನೀರು ಬಿಡಿ. ಸೂಜಿ ಯಾರಾದ್ರೂ ಇಳಿಸಿ."

"ಈಗ್ಲಾ?" ಎಂದ ಅಧಿಕಾರಿ, ಗಡಿಯಾರ ನೋಡುತ್ತ. "ನಾಳೆ ಮಾಡಿದ್ರೆ ಆಗಲ್ವಾ?"

"ನಾಳೆ ಗುಳಿ ಇರಲ್ಲ. ರಾತ್ರೀಲಿ ಮುಚ್ಚಿಬಿಡ್ತಾರೆ."

ಅವಳು ಕಲ್ಲುಗಳನ್ನು ಮತ್ತೆ ಬಕೆಟ್ಟಿಗೆ ಬಾಚತೊಡಗಿದಳು. ಮೊದಲು ಅವಳ ಕೈಗಳು ಮಾತ್ರ. ಆಮೇಲೆ ಅತ್ತೆಯದು ಸೇರಿತು. ಲೋಟದ ಮಗ್ಗುಲಿನ ಒಂದು ಚಪ್ಪಟೆ ಕಲ್ಲನ್ನು ಬೇಕರಿಯವನು ಎತ್ತಿಕೊಂಡು, ಅಡಿಯಲ್ಲಿ ಅಂಟಿದ್ದ ಕಂದು ಗೋಂದನ್ನು ಹೆಬ್ಬೆರಳಿಂದ ತಿಕ್ಕಿ ನೋಡಿ, ಅವಳನ್ನು ನೋಡಿ, ಬಕೆಟ್ಟಿಗೆ ಹಾಕದೆ ಮುಷ್ಟಿಯಲ್ಲೇ ಇಟ್ಟುಕೊಂಡ. ನಂಬಿದನೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಬೆಳಿಗ್ಗೆ ತನ್ನ ಮುಖ ನೋಡಿ ಚಪ್ಪಾಳೆ ತಟ್ಟಿದ ಜನ ಇನ್ನು ಮುಂದೆ ಆ ಮುಖವನ್ನು ಎರಡೆರಡು ಸಲ ನೋಡುವವರು. ಅದೂ ಅವಳಿಗೆ ತಿಳಿದಿತ್ತು.

ದರ್ಜಿ ತನ್ನ ಚಪ್ಪಲಿ ಬಿಚ್ಚಿ ಹೆಂಡತಿಯ ಕಾಲ ಬಳಿ ಸರಿಸಿದ. ದೊಡ್ಡವು. ಅವಳು ಅವನ್ನೇ ಮೆಟ್ಟಿಕೊಂಡು, ಬಕೆಟ್ಟಿನ ಹಿಡಿಯ ಅರ್ಧವನ್ನು ಅತ್ತೆಗೆ ಕೊಟ್ಟು, ಬಾಗಿಲು ದಾಟಿದಳು. ಹಿಂದೆ ಯಾರೋ ಬೆಂಚು ಸರಿಸಿದ ಸದ್ದಾಯಿತು. ಎಷ್ಟು ಜನ ಎದ್ದರು, ಎಷ್ಟು ಜನ ಕೂತೇ ಇದ್ದರು ಎಂದು ಅವಳು ತಿರುಗಿ ನೋಡಲಿಲ್ಲ. ಪಂಪಣ್ಣನ ಕಿವಿ ಎಷ್ಟು ಹೊತ್ತು ಮಂದವಿದ್ದೀತು ಎಂಬುದೊಂದೇ ಯೋಚನೆ.

"ಬೇಗ ಬನ್ನಿ ಅತ್ತೆ," ಎಂದಳು ನಡೆಯುತ್ತಲೇ, "ಮೊದಲನೇ ಕಲ್ಲು ನೀವೇ ಇಡ್ಬೇಕು, ನಮ್ಮನೆ ಮುಂದಿನದ್ದು, ಅದಕ್ಕೆ ಕೊಂಚ ಓರೆ ಇದೆ, ಬಲಗಡೆಗೆ ಸ್ವಲ್ಪ ತಿರುಗಿಸಿ ಒತ್ತಿದ್ರೆ ತಾನಾಗೇ ಹೋಗಿ ಕೂರುತ್ತೆ."